ಸೋಯಾ ಪುಡಿಯ ಅರವತ್ತಮೂರು ದಿನ

ಆ ಮಗು ಅಳುವುದಿಲ್ಲವೆಂದು ಮನೆಯವರಿಗೆಲ್ಲ ಹೆಮ್ಮೆಯಿತ್ತು. ಮಾರ್ಚ್ ೨೭ರ ಮನೆಭೇಟಿಯಲ್ಲಿ ನಾನು ಹೊಸಿಲು ದಾಟುತ್ತಲೇ ಅಜ್ಜಿ ಹೇಳಿದ ಮೊದಲ ಮಾತೇ ಅದು. "ಸಾದು ಕೂಸು ಕಣಪ್ಪ. ಹುಟ್ಟಿ ತಿಂಗ್ಳಾಯ್ತು, ಪಕ್ಕದ ಮನೆಗೆ ಇನ್ನೂ ಇದ್ರ ಗಂಟ್ಲು ಕೇಳಿಲ್ಲ."

ಹೆಣ್ಣು ಮಗು. ಅಂದಿಗೆ ಮೂವತ್ತಾರನೆಯ ದಿನ. ಕಣ್ಣಿನ ಬಿಳಿಯಲ್ಲಿ ಇನ್ನೂ ಹಳದಿ ಇತ್ತು. ಚರ್ಮ ಒರಟು. ನಾಲಗೆ ತುಟಿಯಿಂದ ಸ್ವಲ್ಪ ಹೊರಗೇ ನಿಂತಿತ್ತು. ಹೊಕ್ಕುಳು ಉಬ್ಬಿತ್ತು. ಮಲವಿಸರ್ಜನೆ ನಾಲ್ಕು ದಿನಕ್ಕೊಮ್ಮೆ ಎಂದರು. ಅಳದಿರುವುದೂ ಸೇರಿ ಆರು ಲಕ್ಷಣಗಳನ್ನು ಬರೆದುಕೊಂಡು, ಮರುದಿನವೇ ತುಮಕೂರಿನ ಮಕ್ಕಳ ವೈದ್ಯರ ಹತ್ತಿರ ಕಳಿಸಿದೆ. ರಕ್ತಪರೀಕ್ಷೆಯಲ್ಲಿ ತಿಳಿಯಿತು: ಹುಟ್ಟಿನಿಂದಲೇ ಥೈರಾಯ್ಡ್ ಗ್ರಂಥಿ ಕೆಲಸ ಮಾಡುತ್ತಿಲ್ಲ.

ಈ ಕಾಯಿಲೆಯಲ್ಲಿ ನೋಡುವುದು ಟಿಎಸ್‌ಎಚ್ ಎಂಬ ಒಂದು ಅಂಕಿಯನ್ನು. ಗ್ರಂಥಿ ರಸ ಕೊಡದಿದ್ದರೆ ಮಿದುಳು ಕೊಡು ಕೊಡು ಎಂದು ಹುಕುಂ ಕಳಿಸುತ್ತಲೇ ಇರುತ್ತದೆ. ಟಿಎಸ್‌ಎಚ್ ಆ ಹುಕುಮಿನ ಅಳತೆ. ಅಂಕಿ ಹೆಚ್ಚಿದಷ್ಟೂ ದೇಹಕ್ಕೆ ರಸ ಕಡಿಮೆ ಸಿಕ್ಕಿದೆ ಎಂದು ಅರ್ಥ. ಈ ಮಗುವಿನದು ನೂರು ದಾಟಿತ್ತು. ಅದರಾಚೆ ಎಷ್ಟೆಂದು ಯಂತ್ರ ಹೇಳಲಿಲ್ಲ. ವೈದ್ಯರು ಐವತ್ತು ಮೈಕ್ರೋಗ್ರಾಮಿನ ಥೈರಾಕ್ಸಿನ್ ಮಾತ್ರೆ ಬರೆದರು. ದಿನಕ್ಕೊಂದು, ಅರೆದು, ಚಮಚದಲ್ಲಿ. ಮೊದಲ ಎರಡು ಮೂರು ವರ್ಷ ಮಿದುಳು ಬೆಳೆಯುವುದು ಈ ರಸದ ಬಲದ ಮೇಲೆ, ಆಮೇಲೆ ಎಷ್ಟು ಕೊಟ್ಟರೂ ಕಳೆದದ್ದು ಬರುವುದಿಲ್ಲ ಎಂದು ತಾಯಿಗೆ ಎರಡು ಸಲ ಹೇಳಿದರಂತೆ. ಮಾರ್ಚ್ ೩೦ರಂದು ಮೊದಲ ಮಾತ್ರೆ ಕೊಟ್ಟರು.

ನಾನು ಹಾಲ್ಕುರಿಕೆ ಕಡೆಯ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಊರಿನ ಹೆಸರು ಬರೆದರೆ ಆ ಮನೆ ಯಾವುದೆಂದು ಯಾರಿಗಾದರೂ ಗೊತ್ತಾಗುತ್ತದೆ, ಆದ್ದರಿಂದ ಬರೆಯುವುದಿಲ್ಲ. ಇಲ್ಲಿಗೆ ಬರುವ ಮೊದಲು ಎರಡು ವರ್ಷ ಕ್ಷಯರೋಗದ ವಿಭಾಗದಲ್ಲಿದ್ದೆ. ರೋಗಿಯ ಗಂಟಲಿನಿಂದ ಮಾತ್ರೆ ಇಳಿದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಟಿಕ್ ಹಾಕಬೇಕು ಎಂಬುದು ಅಲ್ಲಿಯ ಪಾಠ. ಆ ಪಾಠ ಚೆನ್ನಾಗಿ ಕಲಿತಿದ್ದೆ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಬೇಕು. ನನಗೆ ಇಪ್ಪತ್ತಾರು ವರ್ಷ, ಮದುವೆಯಾಗಿಲ್ಲ. ಬಾಣಂತಿಯರ ಹತ್ತಿರ ಎದೆಹಾಲಿನ ವಿಚಾರ ಕೇಳುವುದಕ್ಕೆ ನನಗೂ ಸಂಕೋಚ, ಅವರಿಗೂ ಸಂಕೋಚ. ಹಾಗಾಗಿ ನಮ್ಮ ಆಶಾ ಕಾರ್ಯಕರ್ತೆ ಒಳಗೆ ಹೋಗಿ ಕೇಳುವುದು, ನಾನು ಜಗಲಿಯಲ್ಲಿ ಕೂತು ಅವರು ಹೇಳಿದ್ದನ್ನು ಬರೆದುಕೊಳ್ಳುವುದು ಎಂದು ಏರ್ಪಾಡಾಗಿತ್ತು. ನಮೂನೆಯಲ್ಲಿ ಎರಡೇ ಚೌಕ: ಎದೆಹಾಲು, ಮೇಲುಹಾಲು. ಒಂದಕ್ಕೆ ಟಿಕ್ ಹಾಕಿದರೆ ಮುಗಿಯಿತು.

ಏಪ್ರಿಲ್ ೨೮ರ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಎಂಟಕ್ಕೆ ಇಳಿದಿತ್ತು. ಆ ವಾರ ಹೋದಾಗ ಅಜ್ಜಿ ದೂರು ಹೇಳಿದರು: "ಅದೇನ್ ಮಾತ್ರೆ ಕೊಡ್ಸಿದ್ಯೋ ಮಾರಾಯ, ಕೂಸು ಈಗ ಕೂಗಿದ್ರೆ ಕೊಬ್ರಿ ಅಟ್ಟದ ಮ್ಯಾಲಿನ ಇಲಿ ಓಡ್ತಾವೆ." ಮಗು ಅಳುತ್ತಿದೆ ಎಂದರೆ ಔಷಧ ಹಿಡಿದಿದೆ ಎಂದೆ. ಆಶಾ ಅಕ್ಕ ನಕ್ಕರು. ತಾಯಿಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವಳಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು. ತುರುವೇಕೆರೆ ಕಡೆಯಿಂದ ಮದುವೆಯಾಗಿ ಬಂದವಳು.

ಮೇ ಕೊನೆಯಲ್ಲಿ ಆಕೆಗೆ ಟೈಫಾಯ್ಡ್ ಆಗಿ ತಿಪಟೂರಿನಲ್ಲಿ ಆರು ದಿನ ಆಸ್ಪತ್ರೆಯಲ್ಲಿದ್ದಳು. ಮಗು ಅಜ್ಜಿಯ ಹತ್ತಿರ, ಬಾಟಲಿ ಹಾಲಿನ ಮೇಲೆ. ಹಿಂದಿರುಗುವಷ್ಟರಲ್ಲಿ ಹಾಲು ಬತ್ತಿತ್ತು. ಜೂನ್ ೧೦ರ ಭೇಟಿಯಲ್ಲಿ ಆಶಾ ಅಕ್ಕ ಒಳಗಿನಿಂದ ಬಂದು ವರದಿ ಕೊಟ್ಟರು.

"ಈಗ ಡಬ್ಬಿ ಹಾಲು ಸಾರ್. ಅದಕ್ಮುಂಚೆ ಎರಡು ದಿನ ಭೇದಿ ಆಯ್ತಂತೆ. ಈಗ ನಿಂತೈತೆ. ಮೂರ್ದಿನಕ್ಕೊಂದ್ಸಲ ಗಟ್ಟಿಯಾಗಿ ಹೋಗ್ತದಂತೆ. ಗಲಾಟೆನೂ ಕಮ್ಮಿ ಆಗೈತಂತೆ."

ನಾನು 'ಮೇಲುಹಾಲು' ಚೌಕಕ್ಕೆ ಟಿಕ್ ಹಾಕಿದೆ. ಷರಾ ಎಂಬ ಕಡೆ 'ಭೇದಿ ನಿಂತಿದೆ, ಮಗು ಶಾಂತವಾಗಿದೆ' ಎಂದು ಬರೆದೆ. ಆ ಸಾಲು ನನ್ನ ಅಕ್ಷರದಲ್ಲಿ ಇಂದೂ ಇದೆ. ಮಾರ್ಚಿನಲ್ಲಿ ಮಲಬದ್ಧತೆ, ಅಳದಿರುವುದು ಎಂಬ ಯಾವ ಎರಡು ಲಕ್ಷಣ ನೋಡಿ ಮಗುವನ್ನು ತುಮಕೂರಿಗೆ ಅಟ್ಟಿದ್ದೆನೋ ಅವೇ ಎರಡು ಜೂನಿನಲ್ಲಿ ನನಗೆ ಗುಣವಾಗುತ್ತಿರುವ ಗುರುತಾಗಿ ಕಂಡವು.

ಜೂನ್ ೩೦ರಂದು ಟಿಎಸ್‌ಎಚ್ ನಲವತ್ತೊಂದು. ವೈದ್ಯರು ಕಾರ್ಡಿನ ಮೇಲೆ ಬರೆದು ಕಳಿಸಿದ್ದರು: ಮಾತ್ರೆ ಸರಿಯಾಗಿ ಕೊಡುತ್ತಿಲ್ಲವೆಂದು ಕಾಣುತ್ತದೆ, ಪರಿಶೀಲಿಸಿ.

ಪರಿಶೀಲಿಸುವುದು ನನಗೆ ಗೊತ್ತಿದ್ದ ಕೆಲಸ. ಜುಲೈ ೪ರ ಬೆಳಿಗ್ಗೆ ಆ ಮನೆಯ ಜಗಲಿಯ ಮೇಲೆ ಕೂತು ಮಾತ್ರೆ ಬಾಟಲಿ ತರಿಸಿದೆ. ನೂರು ಮಾತ್ರೆಯ ಬಾಟಲಿ. ಮಾರ್ಚ್ ೩೦ರಿಂದ ಅಂದಿನವರೆಗೆ ತೊಂಬತ್ತೇಳು ದಿನ. ಮೂರು ಉಳಿದಿರಬೇಕು. ಅಂಗೈ ಮೇಲೆ ಸುರಿದುಕೊಂಡೆ. ಮೂರೇ ಇದ್ದವು.

"ಸರಿ ಐತಲ್ಲ ಸಾರ್?" ಎಂದಳು ತಾಯಿ. ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದಳು.

ಲೆಕ್ಕ ಸರಿ ಇತ್ತು. ಅಲ್ಲಿಗೆ ನಾನು ಬೇರೆ ಕಾರಣ ಹುಡುಕಬೇಕಿತ್ತು. ಆದರೆ ಕ್ಷಯದ ವಿಭಾಗದಲ್ಲಿ ಖಾಲಿ ಸ್ಟ್ರಿಪ್ ತೋರಿಸಿ ಮಾತ್ರೆಯನ್ನೆಲ್ಲ ತೆಂಗಿನ ಬುಡಕ್ಕೆ ಎಸೆದವರನ್ನು ನೋಡಿದ್ದೆ. "ಬಾಟ್ಲಿಯಿಂದ ಆಚೆ ಬಂದಿದಾವೆ ಅಂತ ಗೊತ್ತಾಯ್ತಮ್ಮ," ಎಂದೆ. "ಮಗು ಹೊಟ್ಟೆಗೆ ಹೋಗಿದಾವಾ ಅಂತ ಇದ್ರಲ್ಲಿ ಗೊತ್ತಾಗಲ್ಲ."

ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದ ಮಗುವಿನ ತಂದೆ ಕೈ ನಿಲ್ಲಿಸಿದ. "ಹಂಗಂದ್ರೆ ಏನ್ ಸಾರ್? ಬಿಸಾಕ್ತಾವ್ಳಾ?"

"ನಾನು ಹಂಗಂದಿಲ್ಲ."

"ಇನ್ನೆಂಗಂದ್ರಿ?"

ನನಗಿಂತ ಮೊದಲು ಅಜ್ಜಿ ಬಾಯಿ ಹಾಕಿದರು. "ನಂಗೆ ಮೊದ್ಲೇ ಅನುಮಾನ ಇತ್ತು ಬುಡು. ಮಾತ್ರೆ ಕೊಟ್ರೆ ಕೂಸು ರಾತ್ರಿಯೆಲ್ಲಾ ಅಳ್ತಿತ್ತಲ್ವಾ? ಇವ್ಳು ಆಸ್ಪತ್ರೆಯಿಂದ ಬಂದ್ಮ್ಯಾಲೆ ಅಳಾದೇ ಇಲ್ಲ. ನಿದ್ದೆ ಬೇಕಲ್ಲ ಇವ್ಳಿಗೆ!"

"ಒಂದೂ ಬಿಟ್ಟಿಲ್ಲ ಸಾರ್," ಎಂದಳು ತಾಯಿ. ನನ್ನ ಕಡೆ ನೋಡಿ ಹೇಳಿದಳೇ ಹೊರತು ಗಂಡನ ಕಡೆ ನೋಡಲಿಲ್ಲ. "ನಾನಿಲ್ದಾಗ ಅತ್ತೆ ಕೊಟ್ರು. ಮಿಕ್ಕಿದ್ದೆಲ್ಲಾ ನಾನೇ ಕೊಟ್ಟಿದೀನಿ."

ಅಜ್ಜಿಯ ತರ್ಕ ನನಗೆ ಸರಿ ಎನ್ನಿಸಿತು. ಅಳು ನಿಂತದ್ದಕ್ಕೂ ಅಂಕಿ ಏರಿದ್ದಕ್ಕೂ ಒಂದೇ ಕಾರಣ ಸಿಕ್ಕಿತ್ತು. ದಿನಚರಿಯಲ್ಲಿ ಅಂದು ಬರೆದದ್ದು: 'ತಾಯಿ ಒಪ್ಪುತ್ತಿಲ್ಲ. ನಾಡಿದ್ದಿನಿಂದ ಕಣ್ಗಾವಲು.'

ಬಿಳಿ ಹಾಳೆಗೆ ಸ್ಕೇಲಿಟ್ಟು ಪಟ್ಟಿ ಎಳೆದೆ. ಪ್ರತಿದಿನ ಬೆಳಿಗ್ಗೆ ಏಳಕ್ಕೆ ಆಶಾ ಅಕ್ಕ ಆ ಮನೆಗೆ ಹೋಗಬೇಕು; ಮಾತ್ರೆ ಅರೆಯುವುದನ್ನೂ ಕುಡಿಸುವುದನ್ನೂ ನೋಡಬೇಕು; ಟಿಕ್ ಹಾಕಿ, ಸಂಜೆ ನನ್ನ ಸಹಿ ಪಡೆಯಬೇಕು. ಅವರಿಗೆ ಇದು ಇಷ್ಟವಿರಲಿಲ್ಲ.

"ಅಂಥಾ ಹುಡ್ಗಿ ಅಲ್ಲ ಸಾರ್ ಅದು. ನಾನು ದಿನಾ ಹೋಗಿ ಎದುರ್ಗೆ ನಿಂತ್ಕಂಡ್ರೆ ಓಣಿಯೋರು ಏನಂತಾರೆ? ಕಳ್ಳೀನ ಕಾದಂಗೆ ಆಗ್ತದೆ."

"ಮಗು ತಲೆ ಮುಖ್ಯನಾ, ಓಣಿಯೋರ ಮಾತು ಮುಖ್ಯನಾ ಅಕ್ಕ?"

"ನೀವು ಸಾರ್, ಬರ್ಕಂಡು ಹೋಗ್ತೀರ. ನಾನು ಆ ಓಣೀಲೇ ಇರಾಳು," ಎಂದು ಹೇಳಿ ಹಾಳೆ ಮಡಿಸಿಕೊಂಡು ಹೋದರು.

ಮೂರನೆಯ ದಿನ ಅವರು ಒಂದು ಸಮಸ್ಯೆ ತಂದರು. ಚಮಚದಲ್ಲಿ ಕೊಟ್ಟಾಗ ಮಗು ಅರ್ಧ ಉಗಿಯುತ್ತಿತ್ತು. ಉಗಿದದ್ದು ಎಷ್ಟು, ನುಂಗಿದ್ದು ಎಷ್ಟು, ಟಿಕ್ ಹಾಕಬೇಕೋ ಬೇಡವೋ? ನಾನು ಯೋಚಿಸಿ ಪರಿಹಾರ ಕೊಟ್ಟೆ: ಅರೆದ ಮಾತ್ರೆಯನ್ನು ಬಾಟಲಿಯ ಹಾಲಿಗೇ ಹಾಕಿ ಕುಲುಕಿ, ಕೊನೆಯ ಗುಟುಕಿನ ತನಕ ಕುಡಿಸಲಿ. ಅಲ್ಲಿಂದ ಮುಂದೆ ಒಂದು ದಿನವೂ ತಕರಾರು ಬರಲಿಲ್ಲ. "ಅರುದ್ಲು, ಹಾಕಿದ್ಲು, ಕುಲುಕಿದ್ಲು, ಕುಡುಸಿದ್ಲು. ತಳ ಕಾಣೋಗಂಟ ನಿಂತಿದ್ದೆ," ಎಂದು ಆಶಾ ಅಕ್ಕ ಸಂಜೆ ಒಂದೇ ರಾಗದಲ್ಲಿ ಹೇಳುತ್ತಿದ್ದರು. ನಾನು ಸಹಿ ಹಾಕುತ್ತಿದ್ದೆ.

ಜುಲೈ ೨೮. ಟಿಎಸ್‌ಎಚ್ ಅರವತ್ತಮೂರು.

ಆ ದಿನ ತಾಯಿಯ ಜೊತೆ ತುಮಕೂರಿಗೆ ಹೋಗಿದ್ದವನು ಗಂಡ. ವೈದ್ಯರು ಅವನ ಎದುರಿಗೇ "ನಿಜ ಹೇಳಮ್ಮ" ಎಂದರಂತೆ. ದಿನಾ ಎದುರಿಗೆ ನಿಂತು ನೋಡುತ್ತಿದ್ದಾರೆ ಎಂದು ನನ್ನ ಹಾಳೆಯ ನಕಲು ತೋರಿಸಿದ ಮೇಲೆ ಅವರಿಗೂ ಗೊಂದಲವಾಯಿತು. ಪ್ರಮಾಣ ಎಪ್ಪತ್ತೈದಕ್ಕೆ ಏರಿಸಿದರು. ಎರಡು ವಾರದಲ್ಲಿ ಇಳಿಯದಿದ್ದರೆ ಕರುಳು ಔಷಧ ಹೀರುತ್ತಿಲ್ಲವೆಂದೇ ಅರ್ಥ, ಬೆಂಗಳೂರಿಗೆ ಹೋಗಬೇಕು ಎಂದರು. ಮನೆಯಲ್ಲಿ ಇದರ ಅರ್ಥ ಬೇರೆಯಾಯಿತು. ಆಶಾ ಹೋದ ಮೇಲೆ ಗಂಟಲಿಗೆ ಬೆರಳು ಹಾಕಿ ಕಕ್ಕಿಸುತ್ತಾಳೆ ಎಂದು ಅಜ್ಜಿ ಓಣಿಯಲ್ಲಿ ಹೇಳಿದರು. ಮಾತ್ರೆ ಬಾಟಲಿ ಅವರ ಮಡಿಲಿಗೆ ಹೋಯಿತು. ಬೆಳಿಗ್ಗೆ ಒಂದು ಮಾತ್ರೆ ಎಣಿಸಿ ಸೊಸೆಯ ಕೈಗೆ ಕೊಡುತ್ತಿದ್ದರು. ಕುಡಿಸಿದ ಮೇಲೆ ಒಂದು ಗಂಟೆ ಮಗುವನ್ನು ತಾಯಿ ಮುಟ್ಟುವಂತಿರಲಿಲ್ಲ. ಆಶಾ ಅಕ್ಕ ಇದನ್ನು ಹೇಳಿದಾಗ ನಾನು ಎಂದಿನಂತೆ ಹಾಳೆಗೆ ಸಹಿ ಹಾಕಿದೆ. ಕಕ್ಕಿಸುವ ಸಾಧ್ಯತೆಯನ್ನು ನಾನೂ ಯೋಚಿಸಿದ್ದೆ.

ಆಗಸ್ಟ್ ೫ರಂದು ಆಶಾ ಕಾರ್ಯಕರ್ತೆಯರಿಗೆಲ್ಲ ತಿಪಟೂರಿನಲ್ಲಿ ಸಭೆಯಿತ್ತು. ಹಾಳೆಯಲ್ಲಿ ಅಷ್ಟರಲ್ಲಿ ಮೂವತ್ತು ಟಿಕ್ಕುಗಳು. ಮೂವತ್ತೊಂದನೆಯದು ಖಾಲಿ ಬಿಡಬಾರದೆಂದು ನಾನೇ ಏಳಕ್ಕೆ ಹೋದೆ. ಆ ಅಡಿಗೆಮನೆಯೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು.

ತಾಯಿ ಎರಡು ಚಮಚಗಳ ನಡುವೆ ಮಾತ್ರೆ ಅರೆದಳು. ಆರಿಸಿದ ನೀರನ್ನು ಬಾಟಲಿಯ ಗೆರೆಗೆ ಸರಿಯಾಗಿ ಅಳೆದು ಹಾಕಿದಳು. ಗೂಡಿನಿಂದ ಸ್ಟೀಲ್ ಡಬ್ಬಿ ತೆಗೆದು, ಪುಡಿಯ ಚಮಚವನ್ನು ಕಡ್ಡಿಯಿಂದ ಮಟ್ಟ ಮಾಡಿ ಸುರಿದಳು. ನನಗಿಂತ ಅಚ್ಚುಕಟ್ಟಾಗಿ ಅಳೆಯುತ್ತಿದ್ದಳು. ಬಾಟಲಿ ಕುಲುಕಿದಾಗ ವಾಸನೆ ಬಂತು. ಹಾಲಿನ ವಾಸನೆಯಲ್ಲ. ನೆನೆಹಾಕಿದ ಬೇಳೆಯನ್ನು ರುಬ್ಬುವಾಗ ಬರುವಂಥ ಹಸಿ ವಾಸನೆ.

"ಕುಡಿಸ್ಬೇಡಿ ತಡೀರಿ. ಇದು ಯಾವ ಪುಡಿ?"

"ಡಬ್ಬಿ ಹಾಲು ಸಾರ್."

"ಡಬ್ಬಿ ಎಲ್ಲಿ?"

ಉತ್ತರ ಬಂದದ್ದು ಬಾಗಿಲಲ್ಲಿ ನಿಂತಿದ್ದ ಅಜ್ಜಿಯಿಂದ. "ಡಬ್ಬಿ ಯಾತಕ್ಕಪ್ಪ ಈಗ? ತಂದ್ ದಿನಾನೇ ಸ್ಟೀಲ್ ಡಬ್ಬಿಗೆ ಬಗ್ಗಿಸ್ತೀನಿ. ಬಂದೋರ ಕಣ್ಣಿಗೆ ತಗಡಿನ ಡಬ್ಬಿ ಬಿದ್ರೆ ಆ ಮನೆ ಸೊಸೆಗೆ ಹಾಲಿಲ್ಲ ಅಂತ ಊರೆಲ್ಲಾ ಸಾರ್ಕಂಡು ಬತ್ತಾರೆ. ಕೊಟ್ಗೇಲಿ ಎರಡು ಹಸ ಕಟ್ಕಂಡು ಪುಡಿ ಕಲಸ್ತಾರೆ ಅಂತ ಆಡ್ಕಳಲ್ವಾ?"

ಖಾಲಿ ಡಬ್ಬಿ ಕೊಟ್ಟಿಗೆಯಲ್ಲಿತ್ತು. ಅದರಲ್ಲಿ ಹಸುವಿನ ಲವಣದ ಪುಡಿ ತುಂಬಿಟ್ಟಿದ್ದರು. ಒರೆಸಿ ಓದಿದೆ: ಸೋಯಾ ಪ್ರೋಟೀನಿನಿಂದ ಮಾಡಿದ ಶಿಶು ಆಹಾರ, ವೈದ್ಯರ ಸಲಹೆಯಿಲ್ಲದೆ ಬಳಸಬಾರದು.

ಅಷ್ಟರಿಂದ ನನಗೇನೂ ಹೊಳೆಯಲಿಲ್ಲ. ಯಾವುದೋ ಅನುಮಾನ ಬಂತು, ಅಷ್ಟೇ. ಮಾತ್ರೆಯ ಜೊತೆ ಬಂದ ಕಾಗದ ಇದೆಯೇ ಎಂದು ಕೇಳಿದೆ. ತಾಯಿ ಅದನ್ನು ತಾಯಿ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದಳು. ಎಂಟು ಮಡಿಕೆಯ ತೆಳು ಕಾಗದ, ಇರುವೆ ಗಾತ್ರದ ಇಂಗ್ಲಿಷ್ ಅಕ್ಷರ. ಇದರ ಜೊತೆ ಕೊಡಬಾರದ ವಸ್ತುಗಳ ಸಾಲಿನಲ್ಲಿ ಕಬ್ಬಿಣದ ಔಷಧ, ಸುಣ್ಣದ ಔಷಧ, ಅವುಗಳ ಪಕ್ಕದಲ್ಲೇ ಸೋಯಾ. ಸೋಯಾ ಕರುಳಿನಲ್ಲಿ ಈ ಔಷಧವನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಅಂಥದ್ದರೊಳಗೇ ಮಾತ್ರೆ ಕಲಸಿ ಕುಡಿಸಲು ಹೇಳಿದವನು ನಾನು.

ಅಡಿಗೆಮನೆಯಲ್ಲೇ ನಿಂತು ತುಮಕೂರಿನ ವೈದ್ಯರಿಗೆ ಫೋನ್ ಮಾಡಿದೆ.

"ಸೋಯಾನಾ? ಎಷ್ಟು ದಿನದಿಂದ?"

"ಗೊತ್ತಿಲ್ಲ ಸಾರ್."

"ನಿಮ್ಮ ಚೀಟಿ ನನ್ನ ಮುಂದೇನೇ ಇದೆಯಲ್ರೀ. ಮೇಲುಹಾಲು ಅಂತ ಬರ್ದಿದೀರ. ನಾನೂ ಹಸುವಿನ ಹಾಲಿನ ಪುಡಿ ಅನ್ಕೊಂಡೆ." ಆಮೇಲೆ ಒಂದೊಂದಾಗಿ ಹೇಳಿದರು, ನಾನು ಬರೆದುಕೊಂಡೆ. ಸೋಯಾ ಇವತ್ತೇ ನಿಲ್ಲಲಿ. ಹಸುವಿನ ಹಾಲಿನಿಂದ ಮಾಡಿದ ಶಿಶು ಪುಡಿ ಶುರು ಮಾಡಿ, ಭೇದಿ ಬಂದರೆ ತಿಳಿಸಿ. ಮಾತ್ರೆ ನೀರಿನಲ್ಲಿ, ಚಮಚದಲ್ಲಿ, ಹಾಲಿಗೆ ಅರ್ಧ ಗಂಟೆ ಮುಂಚೆ. ಪ್ರಮಾಣ ಎಪ್ಪತ್ತೈದರಿಂದ ಮತ್ತೆ ಐವತ್ತಕ್ಕೆ. ತಡೆ ಹೋದ ಮೇಲೆ ಎಪ್ಪತ್ತೈದು ಪೂರ್ತಿ ಹೀರಿದರೆ ಎದೆಬಡಿತ ಏರುತ್ತದೆ. ಎರಡು ವಾರಕ್ಕೆ ರಕ್ತ.

ಫೋನ್ ಇಟ್ಟು ಎಲ್ಲವನ್ನೂ ತಾಯಿಗೆ ಹೇಳಿದೆ. ಅವಳು ಬಾಟಲಿಯನ್ನು ಇನ್ನೂ ಕೈಯಲ್ಲೇ ಹಿಡಿದಿದ್ದಳು.

"ಹಂಗಾರೆ ನಾನು ದಿನಾ ಕೊಡ್ತಾನೇ ಇದ್ದೆ."

"ಹೌದಮ್ಮ. ಕೊಡ್ತಿದ್ರಿ."

"ಇದನ್ನ ಅವ್ರಿಗೆ ಹೇಳಿ."

ಅಜ್ಜಿ ಅಲ್ಲೇ ಇದ್ದರು. ಗಂಡನನ್ನು ತೋಟದಿಂದ ಕರೆಸಿ ಇಬ್ಬರ ಎದುರಿಗೂ ಹೇಳಿದೆ: ಇವರು ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ, ಯಾವ ಪುಡಿ ಎಂದು ಕೇಳದೆ ಇದ್ದದ್ದು ನನ್ನ ತಪ್ಪು, ಬಾಟಲಿಗೆ ಹಾಕಿಸಿದ್ದೂ ನನ್ನ ತಪ್ಪು. ಗಂಡ ತಲೆ ತಗ್ಗಿಸಿ ನಿಂತ. ಅಜ್ಜಿ ಒಪ್ಪಲಿಲ್ಲ.

"ನಿನ್ನ ತಪ್ಪು ಎಂಗಪ್ಪಾಯ್ತದೆ? ನೀನು ಓದ್ದೋನು, ಮನೆ ಮನೆ ತಿರುಗ್ತೀಯ. ಅಂಗ್ಡಿಯೋನು ಕೊಟ್ಟ, ನಮ್ಮ ಹುಡ್ಗ ತಂದ, ಇವ್ಳು ಕುಡುಸಿದ್ಲು. ಇವ್ಳಿಗೆ ಹಾಲಿದ್ದಿದ್ರೆ ಇವೆಲ್ಲಾ ಇತ್ತಾ?"

ಪುಡಿ ತಂದ ದಿನ ಯಾವುದೆಂದು ಗಂಡನ ಫೋನಿನಲ್ಲಿ, ಅಂಗಡಿಗೆ ಹಣ ಕಳಿಸಿದ ಲೆಕ್ಕದಲ್ಲಿ ಸಿಕ್ಕಿತು: ಜೂನ್ ೩. ಅಲ್ಲಿಂದ ಆಗಸ್ಟ್ ೪ರವರೆಗೆ ಅರವತ್ತಮೂರು ದಿನ.

ಮರುದಿನ ಆ ಪುಡಿ ಕೊಟ್ಟ ತಿಪಟೂರಿನ ಔಷಧದಂಗಡಿಗೆ ಹೋದೆ. ಅಂಗಡಿಯವನು ಜಗಳಕ್ಕೆ ನಿಲ್ಲಲಿಲ್ಲ, ಕುರ್ಚಿ ಹಾಕಿ ಕೂರಿಸಿದ.

"ಮಗೂಗೆ ಭೇದಿ ಅಂದ್ರು. ಹಾಲು ಒಗ್ಗಲ್ಲ ಕಣಪ್ಪ, ಇದು ಗಿಡದ್ದು, ಹಗುರ, ತಗಂಡೋಗು ಅಂದೆ. ತಪ್ಪೇನ್ ಸಾರ್?"

"ಡಬ್ಬಿ ಮೇಲೆ ವೈದ್ಯರ ಸಲಹೆ ಬೇಕು ಅಂತ ಇದೆ. ಮಗು ಏನು ಮಾತ್ರೆ ತಗೊಳ್ತಿದೆ ಅಂತ ಕೇಳಿದ್ರಾ?"

"ಕ್ರೋಸಿನ್ ಕೊಂಡ್ಕೊಳೋನಿಗೂ ಮನೇಲಿ ಯಾರ್ಯಾರು ಏನೇನು ನುಂಗ್ತಾರೆ ಅಂತ ಕೇಳ್ಕಂಡು ಕೂತ್ರೆ ಸಂಜೆಗೆ ಬಾಗ್ಲಾಕ್ಬೇಕು ಸಾರ್. ಅದೇನು ವಿಷಾನಾ?" ಆಮೇಲೆ, ಸಮಾಧಾನ ಮಾಡುವವನಂತೆ, "ನೀವು ತಿಂಗ್ಳಿಗೊಂದ್ಸಲ ಮನೆಗೇ ಹೋಗ್ತೀರಲ್ಲ, ನೀವು ಕೇಳಿದ್ರಾ?" ಎಂದ.

ಅವನು ಕೆಟ್ಟ ಉದ್ದೇಶದಿಂದ ಕೇಳಿರಲಿಲ್ಲ. ಕೇಳಿಲ್ಲ ಎಂದು ಹೇಳಿ ಎದ್ದೆ.

ಸೋಯಾ ಪುಡಿ ವಿಷವಲ್ಲ, ಅದು ನಿಜ. ಹಾಲಿನ ಸಕ್ಕರೆಯ ಒಂದಂಶವನ್ನು ಅರಗಿಸಲಾಗದೆ ಹುಟ್ಟುವ ಅಪರೂಪದ ಶಿಶುಗಳಿಗೆ ಅದೇ ಜೀವ ಉಳಿಸುವ ಆಹಾರ. ಅವಧಿಗೆ ಮುಂಚೆ ಹುಟ್ಟಿದ ಶಿಶುಗಳಿಗೆ ಮಾತ್ರ ಅದು ಬೇಡವೆನ್ನುತ್ತಾರೆ, ಮೂಳೆ ಗಟ್ಟಿಯಾಗುವುದಿಲ್ಲ. ಹೆಣ್ಣಿನ ಹಾರ್ಮೋನಿಗೆ ಹೋಲುವ ಅಂಶ ಅದರಲ್ಲಿದೆ, ಮುಂದೆ ತೊಂದರೆಯಾದೀತೇ ಎಂಬ ಪ್ರಶ್ನೆಗೆ ಇನ್ನೂ ಖಚಿತ ಉತ್ತರವಿಲ್ಲ ಎಂದೂ ವೈದ್ಯರು ಹೇಳಿದರು. ಇವೆಲ್ಲವನ್ನೂ ನಾನು ಆಗಸ್ಟಿನಲ್ಲಿ ಕಲಿತೆ. ಜೂನಿಗೆ ಮುಂಚೆಯೇ ಗೊತ್ತಿರಬೇಕಿತ್ತು.

ಆ ವಾರ ಆಶಾ ಅಕ್ಕನೂ ನಾನೂ ನಮ್ಮ ವ್ಯಾಪ್ತಿಯಲ್ಲಿ ಮೇಲುಹಾಲು ಎಂದು ಟಿಕ್ ಬಿದ್ದಿದ್ದ ಹನ್ನೊಂದು ಮಕ್ಕಳ ಮನೆಗೆ ಮತ್ತೆ ಹೋದೆವು. ಈ ಸಲ ಜಗಲಿಯಲ್ಲಿ ಕೂರಲಿಲ್ಲ. ಡಬ್ಬಿ ತೋರಿಸಿ ಎಂದೆವು. ಏಳು ಮನೆಯಲ್ಲಿ ಪುಡಿ ಬೇರೆ ಡಬ್ಬಿಗೆ ವರ್ಗವಾಗಿತ್ತು: ಸ್ಟೀಲ್ ಡಬ್ಬಿ, ರಾಗಿ ಸರಿಯ ಡಬ್ಬಿ, ಒಂದು ಮನೆಯಲ್ಲಿ ಕುಂಕುಮದ ಭರಣಿಯ ಹಿಂದೆ ಮುಚ್ಚಿಟ್ಟಿದ್ದ ಗಾಜಿನ ಸೀಸೆ. ಎಲ್ಲರ ಕಾರಣವೂ ಒಂದೇ. ಇನ್ನೂ ಇಬ್ಬರು ಮಕ್ಕಳಿಗೆ ಸೋಯಾ ಕೊಡುತ್ತಿದ್ದದ್ದು ಗೊತ್ತಾಯಿತು, ಅದರಲ್ಲಿ ಒಂದು ಎಂಟು ತಿಂಗಳಿಗೇ ಹುಟ್ಟಿದ್ದು. ಇಬ್ಬರಿಗೂ ಹಾಲು ಒಗ್ಗದ ಕಾಯಿಲೆಯಿಲ್ಲವೆಂದು ವೈದ್ಯರು ನೋಡಿ ಪುಡಿ ಬದಲಿಸಿದರು.

ವಾಪಸು ಬರುವಾಗ ಆಶಾ ಅಕ್ಕ ಹೇಳಿದರು: "ಹದ್ನೆಂಟು ವರ್ಷದಿಂದ ಈ ಕೆಲ್ಸ ಮಾಡ್ತಿದೀನಿ. ಡಬ್ಬಿ ಬಗ್ಗಿಸ್ತಾರೆ ಅಂತ ನಂಗೆ ಗೊತ್ತು ಸಾರ್. ನನ್ನ ಮಗೀಗೂ ಹಂಗೇ ಬಗ್ಗಿಸಿದ್ದೆ. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ಎಲ್ಲವನ್ನೂ ದಿನಾಂಕ ಸಮೇತ ಮೂರು ಪುಟ ಬರೆದು ಮೇಲಧಿಕಾರಿಗೆ ಕೊಟ್ಟೆ. ಮೇಲುಹಾಲು ಎಂಬ ಚೌಕದ ಪಕ್ಕ 'ಯಾವುದು, ಡಬ್ಬಿ ನೋಡಿದೆಯೇ' ಎಂಬ ಎರಡು ಚೌಕ ಬೇಕು ಎಂದು ಕೇಳಿದ್ದೆ. ಅವರು ಪೂರ್ತಿ ಓದಿದರು.

"ಬಾಟಲಿಗೆ ಹಾಕಕ್ಕೆ ನಾನೇ ಹೇಳಿದೆ ಅಂತ ಯಾಕ್ರೀ ಬರ್ದಿದೀರ? ಯಾರು ಕೇಳಿದ್ರು ನಿಮ್ಮನ್ನ?"

"ಆಗಿದ್ದು ಅದು ಸಾರ್."

"ಆಗಿದ್ದನ್ನೆಲ್ಲಾ ಬರೀಬಾರ್ದು. ಮಗು ಈಗ ಸರಿ ಹೋಗ್ತಿದೆಯಲ್ಲ? ಆ ಪ್ಯಾರಾ ತೆಗೀರಿ, ಮಿಕ್ಕಿದ್ದು ಮೇಲೆ ಕಳಿಸ್ತೀನಿ. ಚೌಕ ಗೀಕ ನಮ್ಮ ಕೈಲಿಲ್ಲ, ನಮೂನೆ ಮೇಲಿಂದ ಬರೋದು."

ಒಂದು ದಿನ ಯೋಚಿಸಿದೆ. ಆ ಪ್ಯಾರಾ ತೆಗೆದರೆ ಉಳಿಯುವ ಕಥೆ ಹೀಗಿರುತ್ತಿತ್ತು: ಔಷಧದಂಗಡಿಯವನು ಕೊಟ್ಟ, ತಾಯಿ ಕುಡಿಸಿದಳು, ಆರೋಗ್ಯ ಸಿಬ್ಬಂದಿ ಪತ್ತೆಹಚ್ಚಿದರು. ಅಜ್ಜಿ ಹೇಳಿದ ಕಥೆಯೇ, ಸರ್ಕಾರಿ ಭಾಷೆಯಲ್ಲಿ. ತೆಗೆಯದೆ ಹಾಗೇ ಕಳಿಸಿದೆ. ನನಗೆ ಕಾರಣ ಕೇಳಿ ನೋಟಿಸು ಬಂತು, ಉತ್ತರ ಕೊಟ್ಟೆ. ಚೌಕದ ವಿಚಾರಕ್ಕೆ ಉತ್ತರ ಬರಲಿಲ್ಲ. ನಮ್ಮ ಉಪಕೇಂದ್ರದ ನಮೂನೆಗಳ ಅಂಚಿನಲ್ಲಿ ನಾನೇ ಪೆನ್ನಿನಿಂದ ಎರಡು ಚೌಕ ಎಳೆಯುತ್ತೇನೆ.

ಆ ಮಗುವಿಗೆ ಹಸುವಿನ ಹಾಲಿನ ಪುಡಿಯಿಂದ ಭೇದಿ ಆಗಲೇ ಇಲ್ಲ. ಮೊದಲ ಭೇದಿ, ತಾಯಿ ಆಸ್ಪತ್ರೆಯಲ್ಲಿದ್ದ ಆರು ದಿನ ಅಜ್ಜಿ ಮಗುವನ್ನು ಸಂಭಾಳಿಸುವಾಗ ಬಾಟಲಿಯನ್ನು ಕುದಿಸದೆ ತೊಳೆದದ್ದರಿಂದ ಇರಬೇಕು ಎಂದು ವೈದ್ಯರು ಹೇಳಿದರು. ಅಂದರೆ ಸೋಯಾ ಆ ಮನೆಗೆ ಒಂದು ದಿನಕ್ಕೂ ಬೇಕಿರಲಿಲ್ಲ. ಇದನ್ನು ನಾನು ಆ ಮನೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಆ ತಪ್ಪೂ ಸುತ್ತಿ ಸುತ್ತಿ ಯಾರ ತಲೆಗೆ ಬಂದು ಕೂರುತ್ತದೆಂದು ಅಷ್ಟರಲ್ಲಿ ನನಗೆ ತಿಳಿದಿತ್ತು. ಆಗಸ್ಟ್ ೨೦ರಂದು ಟಿಎಸ್‌ಎಚ್ ಹನ್ನೆರಡು. ಸೆಪ್ಟೆಂಬರ್ ೧೭ರಂದು ನಾಲ್ಕು. ಮಗು ಮತ್ತೆ ಕಿರುಚಿ ಅಳತೊಡಗಿತು.

ನವೆಂಬರ್ ೨೫ರಂದು ಮಗುವಿನ ಬೆಳವಣಿಗೆಯ ಪರೀಕ್ಷೆಗೆ ತುಮಕೂರಿಗೆ ನಾನೂ ಜೊತೆಯಲ್ಲಿ ಹೋದೆ. ಗಂಡನಿಗೆ ಕೊಬ್ಬರಿ ಸುಲಿಸುವ ಕೆಲಸವಿತ್ತು, ಬರಲಿಲ್ಲ. ಒಂಬತ್ತು ತಿಂಗಳು ತುಂಬಿತ್ತು. ಆಧಾರವಿಲ್ಲದೆ ಕೂರುತ್ತಿರಲಿಲ್ಲ. ಗಿಲಕಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಲು ಮೂರು ಸಲ ಯತ್ನಿಸಿ ಬೀಳಿಸಿತು. ವೈದ್ಯರು ಒಂದೊಂದನ್ನೂ ಗುರುತು ಹಾಕಿಕೊಂಡು, ಸ್ವಲ್ಪ ಹಿಂದಿದೆ, ಅದು ಮೊದಲ ಮೂವತ್ತೆಂಟು ದಿನದ್ದೋ ನಡುವಿನ ಅರವತ್ತಮೂರು ದಿನದ್ದೋ ಹೇಳಲಾಗದು, ಎರಡು ವರ್ಷ ತುಂಬಲಿ ನೋಡೋಣ ಎಂದರು.

ಬಸ್ಸಿಗೆ ಕಾಯುತ್ತಾ ಆಸ್ಪತ್ರೆಯ ಮುಂದೆ ನಿಂತಿದ್ದೆವು. ಮಗು ಅವಳ ಹೆಗಲ ಮೇಲೆ ನಿದ್ದೆ ಹೋಗಿತ್ತು.

"ಅರವತ್ಮೂರು ದಿನ ಅಂದ್ರಲ್ಲ ಡಾಕ್ಟ್ರು. ಅದು ನೀವು ಎಣ್ಸಿದ್ದಾ ಸಾರ್?"

"ಹೂಂ. ಜೂನ್ ಮೂರರಿಂದ."

"ನೀವು ಎಲ್ಲಾ ಬರ್ದಿಡ್ತೀರ ಅಂತ ಆಶಾ ಅಕ್ಕ ಹೇಳ್ತಿರ್ತಾರೆ. ಮಾತ್ರೆ ಬಿಸಾಕ್ತೀನಿ ಅಂತ ಮನೇಲಿ ನನ್ನ ಅಂದಿದ್ದು ಎಷ್ಟು ದಿನ, ಅದನ್ನ ಎಣ್ಸಿದೀರಾ?"

ಎಣಿಸಿರಲಿಲ್ಲ. ಆದರೆ ಎರಡೂ ತುದಿಯ ದಿನಾಂಕ ನನಗೆ ಗೊತ್ತಿತ್ತು: ನಾನು ಜಗಲಿಯ ಮೇಲೆ ಮಾತ್ರೆ ಎಣಿಸಿದ ದಿನ, ಅಡಿಗೆಮನೆಯಲ್ಲಿ ತಪ್ಪು ಒಪ್ಪಿಕೊಂಡ ದಿನ. ನಿಂತಲ್ಲೇ ಲೆಕ್ಕ ಹಾಕಿದೆ. "ಮೂವತ್ತೆರಡು," ಎಂದೆ.

ಅವಳು ಅಲ್ಲವೆಂದು ತಲೆಯಾಡಿಸಿದಳು. ತಿಪಟೂರು ಬಸ್ಸು ಬಂದು ನಿಂತಿತು. ಮಗುವಿನ ತಲೆಯನ್ನು ಅಂಗೈಯಲ್ಲಿ ಒತ್ತಿಹಿಡಿದು ಮೆಟ್ಟಿಲ ಮೇಲೆ ಕಾಲಿಟ್ಟು, ತಿರುಗಿ ಹೇಳಿದಳು:

"ಅನ್ನೋದು ಇನ್ನೂ ಮುಗ್ದಿಲ್ಲ ಸಾರ್, ಎಣ್ಸಕ್ಕೆ."